ಏತದ ತುದಿಗೆ ಕವಣೆ: ತಮ್ಮನ ಜೊತೆ ಕಟ್ಟಿದ ಕಲ್ಲೆಸೆಯುವ ಯಂತ್ರ

ಕೋಟೆ ಒಡೆಯುವ ಹಳೇ ಯಂತ್ರಗಳ ಮಾತು ಬಂದರೆ ಎಲ್ಲರೂ ಮೊದಲು ತೂಕದ ಬಗ್ಗೆ ಕೇಳುತ್ತಾರೆ. ಎಷ್ಟು ಟನ್ ಇತ್ತು? ಎಷ್ಟು ದೊಡ್ಡ ಕಲ್ಲು ಎಸೆಯುತ್ತಿತ್ತು? ಈ ಬೇಸಿಗೆ ರಜೆಯಲ್ಲಿ ನಾನೂ ನನ್ನ ತಮ್ಮನೂ ಮಧುಗಿರಿಯ ನಮ್ಮ ಮನೆ ಹಿತ್ತಲಲ್ಲಿ ಅಂಥದ್ದೊಂದು ಯಂತ್ರದ ಮಾದರಿ ಕಟ್ಟಿದೆವು. ಕಟ್ಟಿದ ಮೇಲೆ ನನಗೆ ಅನ್ನಿಸಿದ್ದು, ಅದರ ಜೀವ ಇರುವುದು ತುದಿಯಲ್ಲಿ ನೇತಾಡುವ ಎರಡು ದಾರದಲ್ಲಿ. ತೂಕದ ಮಾತು ಆಮೇಲೆ.

ಈ ಯಂತ್ರದ ಹೆಸರು ಟ್ರೆಬುಶೆ. ಒಂದು ಉದ್ದನೆಯ ತೊಲೆ, ನಡುವೆ ಅಚ್ಚು. ಅಚ್ಚಿನ ಈ ಕಡೆ ತೊಲೆ ಗಿಡ್ಡ, ಆ ಕಡೆ ಉದ್ದ. ಗಿಡ್ಡ ತುದಿಗೆ ಭಾರ, ಉದ್ದ ತುದಿಗೆ ಕವಣೆ. ಭಾರ ಕೆಳಗೆ ಬಿದ್ದಾಗ ಉದ್ದ ತುದಿ ಮೇಲೆದ್ದು, ಕವಣೆ ಬೀಸಿ, ಕಲ್ಲು ಹಾರುತ್ತದೆ. ಅಪ್ಪನಿಗೆ ಚಿತ್ರ ತೋರಿಸಿದಾಗ ಅವರು ಒಂದೇ ಮಾತಲ್ಲಿ ಮುಗಿಸಿದರು. "ಏತದ ತುದಿಗೆ ಕವಣೆ ಕಟ್ಟಿದ್ದಾರೆ ಕಣಮ್ಮ, ಅಷ್ಟೇ." ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ. ಬಾವಿಯಿಂದ ನೀರೆತ್ತುವ ಏತದಲ್ಲೂ ಒಂದು ಕಡೆ ಭಾರ ಇಟ್ಟು ಇನ್ನೊಂದು ಕಡೆಯನ್ನು ಮೇಲೆತ್ತುತ್ತಾರೆ. ಕವಣೆಯಂತೂ ಅಪ್ಪ ಚಿಕ್ಕವರಿದ್ದಾಗ ದಿನಾ ಕೈಯಲ್ಲಿ ಇರುತ್ತಿದ್ದ ಸಾಮಾನು. ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಹಕ್ಕಿ ಓಡಿಸೋಕೆ ಬೀಸುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ತಮ್ಮ ತುಮಕೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ನನಗೆ ಇತಿಹಾಸದ ಹುಚ್ಚು, ಅವನಿಗೆ ಯಂತ್ರದ ಹುಚ್ಚು. ಮಧುಗಿರಿಯಲ್ಲಿ ಎಲ್ಲಿ ನಿಂತರೂ ಆ ಒಂಟಿ ಬಂಡೆಯ ಬೆಟ್ಟ, ಅದರ ಮೈಮೇಲಿನ ಕೋಟೆ ಕಾಣುತ್ತದೆ. ತಮ್ಮ ಒಂದು ದಿನ ಕೇಳಿದ: "ಅಕ್ಕ, ಟ್ರೆಬುಶೆ ತಂದು ಇಲ್ಲಿಟ್ಟಿದ್ದರೆ ಆ ಕೋಟೆಗೆ ಕಲ್ಲು ತಾಗುತ್ತಿತ್ತಾ?" ಬಾಯಲ್ಲಿ ಉತ್ತರ ಹೇಳುವುದಕ್ಕಿಂತ ಕಟ್ಟಿ ನೋಡೋಣ ಅಂದುಕೊಂಡೆವು.

ಮೊದಲು ಓದಿಕೊಂಡೆವು. ಮನುಷ್ಯರೇ ಹಗ್ಗ ಹಿಡಿದು ಜಗ್ಗಿ ಕಲ್ಲೆಸೆಯುವ ಯಂತ್ರ ಹುಟ್ಟಿದ್ದು ಚೀನಾದಲ್ಲಿ, ಕ್ರಿಸ್ತಪೂರ್ವದಲ್ಲೇ. ಜನರ ಬದಲು ಭಾರ ಕಟ್ಟುವ ಪದ್ಧತಿ ಬಂದದ್ದು 12ನೇ ಶತಮಾನದಲ್ಲಿ, ಮೆಡಿಟರೇನಿಯನ್ ಸಮುದ್ರದ ಸುತ್ತಲ ನಾಡುಗಳಲ್ಲಿ. ಈಜಿಪ್ಟ್, ಸಿರಿಯಾ ಆಳಿದ ಸುಲ್ತಾನ ಸಲಾದೀನನಿಗಾಗಿ ಅಲ್ ತರ್ಸೂಸಿ ಎಂಬಾತ ಬರೆದ ಯುದ್ಧೋಪಕರಣಗಳ ಪುಸ್ತಕದಲ್ಲಿ ಇಂಥ ಯಂತ್ರದ ಚಿತ್ರವಿದೆ. 1273ರಲ್ಲಿ ಕುಬ್ಲೈ ಖಾನನ ಸೇನೆ ಚೀನಾದ ಷಿಯಾಂಗ್‌ಯಾಂಗ್ ಕೋಟೆ ಗೆದ್ದಾಗ, ಪಶ್ಚಿಮ ಏಷ್ಯಾದಿಂದ ಕರೆಸಿದ ಇಬ್ಬರು ಮುಸ್ಲಿಂ ಕುಶಲಕರ್ಮಿಗಳು ಅಲ್ಲಿ ಈ ಯಂತ್ರ ಕಟ್ಟಿದ್ದರು. 1304ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯ ಮುಂದೆ 'ವಾರ್‌ವುಲ್ಫ್' ಅನ್ನುವ ಭಾರಿ ಟ್ರೆಬುಶೆ ಕಟ್ಟಿಸಿದ. ಒಳಗಿದ್ದವರು ಶರಣಾಗುತ್ತೇವೆ ಅಂದರೂ ಕೇಳದೆ, ಯಂತ್ರದಿಂದ ಒಮ್ಮೆ ಹೊಡೆಸಿಯೇ ಶರಣಾಗತಿ ಒಪ್ಪಿಕೊಂಡ.

ನಮ್ಮ ದೇಶದಲ್ಲೂ ಕಲ್ಲೆಸೆಯುವ ಯಂತ್ರಗಳು ಬಂದಿದ್ದವು. 1301ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಸೇನೆ ರಣಥಂಬೋರ್ ಕೋಟೆ ಮುತ್ತಿದಾಗ ಎರಡೂ ಕಡೆಯವರು ಕಲ್ಲೆಸೆದರು. ಖಿಲ್ಜಿಯ ಸೇನಾಪತಿ ನುಸ್ರತ್ ಖಾನ್ ಸತ್ತದ್ದು ಕೋಟೆಯೊಳಗಿನ ಯಂತ್ರದಿಂದ ಬಂದ ಕಲ್ಲು ತಾಗಿ. ಖಿಲ್ಜಿಯ ಇನ್ನೊಬ್ಬ ಸೇನಾಪತಿ ಮಲಿಕ್ ಕಾಫೂರ್ ವಾರಂಗಲ್ ಮುತ್ತಿದಾಗಲೂ ಇವು ಇದ್ದವು. ಅವನೇ 1311ರಲ್ಲಿ ಹೊಯ್ಸಳರ ದ್ವಾರಸಮುದ್ರಕ್ಕೂ ಬಂದ. ಪಾಠದಲ್ಲಿ ಈ ಹೆಸರುಗಳನ್ನು ನಾನು ವರ್ಷವರ್ಷ ಹೇಳುತ್ತೇನೆ. ಆದರೆ ಆ ಮುತ್ತಿಗೆಗಳಲ್ಲಿ ಬಡಗಿ, ಕಮ್ಮಾರ, ಕಲ್ಲುಕುಟಿಗ ಎಷ್ಟು ಮುಖ್ಯವಾಗಿದ್ದ ಅನ್ನುವುದು ಒಂದು ಅಚ್ಚು ಸರಿಯಾಗಿ ಕೂರಿಸುವಾಗಲೇ ತಿಳಿಯುವುದು.

ನಮ್ಮ ಅಳತೆ ಹೀಗೆ. ತೊಲೆ ಒಟ್ಟು 1 ಮೀಟರ್. ಗಿಡ್ಡ ಭಾಗ 20 ಸೆಂ.ಮೀ., ಉದ್ದ ಭಾಗ 80. ಅಂದರೆ 1ಕ್ಕೆ 4. ಅಚ್ಚು ನೆಲದಿಂದ 70 ಸೆಂ.ಮೀ. ಎತ್ತರದಲ್ಲಿ. ಭಾರ 6 ಕೆ.ಜಿ., ಎಸೆಯುವ ಉಂಡೆ 60 ಗ್ರಾಂ. ನೂರಕ್ಕೆ ಒಂದು. ಕೈಯಿಂದ ಕಟ್ಟುವವರು ಸಾಮಾನ್ಯವಾಗಿ ಈ ಲೆಕ್ಕದಿಂದಲೇ ಶುರು ಮಾಡುತ್ತಾರೆ.

ಭಾರಕ್ಕೆ ನಮ್ಮ ದೊಡ್ಡಪ್ಪನ ಹಳೇ ಹುಣಸೆಹಣ್ಣಿನ ಅಂಗಡಿಯ ತೂಕದ ಬಟ್ಟುಗಳು ಸಿಕ್ಕವು, 5 ಕೆ.ಜಿ.ದು ಒಂದು, 1 ಕೆ.ಜಿ.ದು ಒಂದು. ಮರಳು ತುಂಬಿದ ಡಬ್ಬ ಇಟ್ಟಿದ್ದರೆ ಅದು ದೊಡ್ಡದಾಗಿ ಕಂಬಕ್ಕೆ ಬಡಿಯುತ್ತಿತ್ತು. ಕಬ್ಬಿಣ ಚಿಕ್ಕ ಜಾಗದಲ್ಲಿ ಕೂರುತ್ತದೆ. ಚೌಕಟ್ಟಿಗೆ ಸಾಮಿಲ್‌ನಿಂದ ರೀಪರ್ ತಂದೆವು. ಅಚ್ಚಿಗೆ 12 ಎಂ.ಎಂ. ಕಬ್ಬಿಣದ ರಾಡು, ಎರಡೂ ಕಡೆ ಹಳೇ ಸೀಲಿಂಗ್ ಫ್ಯಾನಿನಿಂದ ಬಿಚ್ಚಿದ ಬೇರಿಂಗ್. ಬೇರಿಂಗ್ ತಮ್ಮನ ಯೋಚನೆ. ಮರದ ತೂತಿನಲ್ಲಿ ರಾಡು ಸುಮ್ನೆ ತಿರುಗಿದರೆ ಉಜ್ಜಾಟದಲ್ಲೇ ಶಕ್ತಿ ಹೋಗುತ್ತದೆ. ಹಿಂದಿನ ಕಾಲದವರು ಅಲ್ಲಿ ಕೊಬ್ಬು ಸವರುತ್ತಿದ್ದರು. ನಮಗೆ ಫ್ಯಾನು ಸಿಕ್ಕಿತು.

ತೊಲೆ ಮಾಡಿಕೊಟ್ಟವರು ನಮ್ಮ ಬೀದಿಯ ಆಚಾರ್ರು. ನಾವು ಒಯ್ದದ್ದು ಎರಡೂ ತುದಿ ಒಂದೇ ದಪ್ಪ ಇದ್ದ ತೇಗದ ರೀಪರ್. ಅವರು ಅದನ್ನು ಅಂಗೈ ಮೇಲೆ ಅಡ್ಡ ಇಟ್ಟು ತೂಗಿ ನೋಡಿ, "ತುದಿ ಇಷ್ಟು ಭಾರ ಬೇಡಮ್ಮ. ಎಸೆಯೋದು ಉಂಡೆನಾ ಮರನಾ?" ಅಂದರು. ಆಮೇಲೆ ಉಜ್ಜುಗೊರಡು ಹಿಡಿದು ಅಚ್ಚಿನ ಹತ್ತಿರ ದಪ್ಪ ಬಿಟ್ಟು, ತುದಿಗೆ ಹೋಗ್ತಾ ಹೋಗ್ತಾ ತೆಳ್ಳಗೆ ಮಾಡಿದರು. ತುದಿ ಅರ್ಧ ದಪ್ಪಕ್ಕಿಂತ ಕಡಿಮೆ ಆಯಿತು. ಬಿದ್ದ ಭಾರದ ಶಕ್ತಿಯಲ್ಲಿ ತೊಲೆಯನ್ನು ತಿರುಗಿಸಲು ಖರ್ಚಾದದ್ದು ಕಲ್ಲಿಗೆ ಸಿಗುವುದಿಲ್ಲ. ತುದಿಯ ಭಾರ ಅಚ್ಚಿನಿಂದ ದೂರ ಇರುವುದರಿಂದ ಅದನ್ನು ತಿರುಗಿಸಲು ಖರ್ಚು ಜಾಸ್ತಿ. ಇದನ್ನು ತಮ್ಮ ಕಾಲೇಜಿನಲ್ಲಿ ಸೂತ್ರವಾಗಿ ಕಲಿತಿದ್ದ. ಆಚಾರ್ರಿಗೆ ಅದು ಅಂಗೈಯಲ್ಲೇ ಗೊತ್ತಿತ್ತು. ಅವರ ಮೇಲೆ ನನಗೆ ಇದ್ದ ಗೌರವ ಆ ದಿನ ದುಪ್ಪಟ್ಟಾಯಿತು.

ಚೌಕಟ್ಟು ಜೋಡಿಸೋದು ದೊಡ್ಡ ಕೆಲಸ ಅಲ್ಲ. ಕೆಳಗೆ 110 ಸೆಂ.ಮೀ. ಉದ್ದದ ಎರಡು ಪಟ್ಟಿ, ಅದರ ಮೇಲೆ ಎರಡು ಕಂಬ, ಕಂಬಕ್ಕೆ ಓರೆಯಾಗಿ ಆನಿಕೆ. ಬರೀ ಮೊಳೆ ಹೊಡೆದರೆ ಅಲುಗಾಟಕ್ಕೆ ಸಡಿಲ ಆಗುತ್ತದೆ, ಬೋಲ್ಟು ವಾಷರ್ ಹಾಕಬೇಕು. ಎರಡು ಕಂಬದ ತೂತುಗಳು ಒಂದೇ ಮಟ್ಟದಲ್ಲಿ ಇರಬೇಕು. ಇಲ್ಲದಿದ್ದರೆ ಉಂಡೆ ಪಕ್ಕಕ್ಕೆ ಹೋಗುತ್ತದೆ.

ಕವಣೆ ಕಟ್ಟುವ ಮುಂಚೆ ತಮ್ಮ ಒಂದು ಪರೀಕ್ಷೆ ಮಾಡೋಣ ಅಂದ. ತೊಲೆಯ ತುದಿಗೆ ಒಂದು ಚಿಕ್ಕ ಸ್ಟೀಲ್ ಬಟ್ಟಲು ಕಟ್ಟಿ, ಅದರಲ್ಲಿ ಉಂಡೆ ಇಟ್ಟು ಬಿಟ್ಟೆವು. ಊರಾಚೆ ಕೆರೆ ಅಂಗಳ ಬೇಸಿಗೆಯಲ್ಲಿ ಒಣಗಿ ಬಯಲಾಗಿತ್ತು, ಅಲ್ಲೇ ನಮ್ಮ ಪ್ರಯೋಗ. ಬಟ್ಟಲಿನಿಂದ ಹಾರಿದ ಉಂಡೆ 9 ಮೀಟರ್ ದೂರ ಬಿತ್ತು. ಎಷ್ಟು ಸಲ ಬಿಟ್ಟರೂ ಅಷ್ಟೇ. ಆರು ಕಿಲೋ ಭಾರ ದಡ್ ಅಂತ ಬಿದ್ದು ಇಡೀ ಚೌಕಟ್ಟು ಕುಣಿಯುತ್ತಿತ್ತು. ಅಷ್ಟು ಶಕ್ತಿ ನಮ್ಮ ಕಣ್ಣೆದುರೇ ಮರ ಅಲುಗಾಡಿಸೋಕೆ ಖರ್ಚಾಗಿ ಹೋಗುತ್ತಿತ್ತು.

ಆಮೇಲೆ ಕವಣೆ. ಗೋಣಿದಾರದ ಎರಡು ಎಳೆ, ನಡುವೆ ಹಳೇ ಜೀನ್ಸ್ ಬಟ್ಟೆಯ ಚೀಲ. ಒಂದು ದಾರ ತೊಲೆಯ ತುದಿಗೆ ಭದ್ರವಾಗಿ ಕಟ್ಟಿದೆವು. ಇನ್ನೊಂದರ ಕೊನೆಯಲ್ಲಿ ಉಂಗುರ, ಅದನ್ನು ತುದಿಯಲ್ಲಿರುವ ಕಬ್ಬಿಣದ ಮುಳ್ಳಿಗೆ ಸುಮ್ನೆ ಸಿಗಿಸುವುದು. ಉಂಡೆ ಇರುವ ಚೀಲವನ್ನು ಯಂತ್ರದ ಅಡಿಯಲ್ಲಿ, ಎಸೆಯುವ ದಿಕ್ಕಿನ ಕಡೆಗೆ ಚಾಚಿ ಮಲಗಿಸಬೇಕು. ಭಾರ ಬಿಟ್ಟಾಗ ಉಂಡೆ ಮೊದಲು ಹಿಂದಕ್ಕೆ ಜಾರಿ, ಮೇಲೆದ್ದು, ತಲೆ ಮೇಲಿಂದ ಬೀಸಿ ಮುಂದಕ್ಕೆ ಬರುತ್ತದೆ. ಆ ಹೊತ್ತಿಗೆ ಉಂಗುರ ಮುಳ್ಳಿನಿಂದ ಜಾರಬೇಕು. ಅಪ್ಪ ಕೈಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಕವಣೆಯ ಒಂದು ದಾರ ಬೆರಳಿಗೆ ಸಿಕ್ಕಿಸಿ, ಇನ್ನೊಂದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬೀಸಿ, ಸರಿಯಾದ ಗಳಿಗೆಯಲ್ಲಿ ಬಿಡುವುದು.

ಆ ಗಳಿಗೆ ಯಾವುದು ಅನ್ನುವುದೇ ಎಲ್ಲಾ ಕೆಲಸ. ಉಂಗುರ ಬೇಗ ಜಾರಿದರೆ ಉಂಡೆ ನೆಟ್ಟಗೆ ಆಕಾಶಕ್ಕೆ ಹೋಗುತ್ತದೆ, ಇನ್ನೂ ಬೇಗ ಆದರೆ ನಮ್ಮ ಬೆನ್ನ ಹಿಂದೆ ಬೀಳುತ್ತದೆ. ತಡವಾಗಿ ಜಾರಿದರೆ ನಾಲ್ಕೈದು ಹೆಜ್ಜೆ ಮುಂದೆ ನೆಲಕ್ಕೆ ಅಪ್ಪಳಿಸುತ್ತದೆ. ಇದನ್ನು ಸರಿ ಮಾಡೋಕೆ ಎರಡು ದಾರಿ. ಒಂದು, ಮುಳ್ಳಿನ ಬಾಗು. ಮುಂದಕ್ಕೆ ಜಾಸ್ತಿ ಬಾಗಿಸಿದರೆ ಉಂಗುರ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ, ನೆಟ್ಟಗಿದ್ದರೆ ಬೇಗ ಬಿಡುತ್ತದೆ. ಇನ್ನೊಂದು, ಕವಣೆಯ ಉದ್ದ. ಉದ್ದ ಹೆಚ್ಚಾದರೆ ಬೀಸು ತಡವಾಗುತ್ತದೆ, ಉಂಡೆ ತಗ್ಗಿ ಹಾರುತ್ತದೆ. ಗಿಡ್ಡ ಮಾಡಿದರೆ ಬೇಗ ಬಿಟ್ಟು ಎತ್ತರಕ್ಕೆ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಒಂದು ನೋಟ್ ಬುಕ್ಕಿನಲ್ಲಿ ಮನೆ ಗೀಚಿದೆ: ದಾರದ ಉದ್ದ, ಮುಳ್ಳಿನ ಬಾಗು, ಬಿದ್ದ ದೂರ. ತಮ್ಮ ಇಕ್ಕಳದಲ್ಲಿ ಮುಳ್ಳು ಬಗ್ಗಿಸುವುದು, ನಾನು ಟೇಪ್ ಹಿಡಿದು ಓಡುವುದು.

60 ಸೆಂ.ಮೀ. ದಾರದಲ್ಲಿ ಉಂಡೆಗಳು ಮೇಲಕ್ಕೇ ಹೋಗಿ ಹತ್ತಿರದಲ್ಲೇ ಬಿದ್ದವು. 70 ದಾಟಿದ ಮೇಲೆ ದೂರ ಒಂದೇ ಸಮ ಏರಿತು. 72 ಸೆಂ.ಮೀ., ಬಾಗು ಸುಮಾರು 30 ಡಿಗ್ರಿ ಇದ್ದಾಗ ಉಂಡೆ 24 ಮೀಟರ್ ಹೋಯಿತು. ಅದೇ ತೊಲೆ, ಅದೇ ಭಾರ, ಅದೇ ಉಂಡೆ. ಬಟ್ಟಲು ತೆಗೆದು ಎರಡು ದಾರ ಕಟ್ಟಿದ್ದಕ್ಕೆ 9 ಇದ್ದದ್ದು 24 ಆಯಿತು! ನಾವಿಬ್ಬರೂ ಕೆರೆ ಅಂಗಳದಲ್ಲಿ ಕೂಗಿದ ಕೂಗಿಗೆ ಕುರಿ ಮೇಯಿಸುತ್ತಿದ್ದ ಹುಡುಗರು ಓಡಿ ಬಂದರು.

ಇದು ಯಾಕೆ ಹೀಗೆ ಅಂತ ಕಣ್ಣಿಂದ ಕಂಡದ್ದು ಫೋನಿನಲ್ಲಿ. ತಮ್ಮ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿದ್ದ. ಭಾರ ಬೀಳುತ್ತದೆ, ತೊಲೆ ಜೋರಾಗಿ ಮೇಲೇಳುತ್ತದೆ. ಆಮೇಲೆ, ತೊಲೆ ನೆಟ್ಟಗೆ ನಿಲ್ಲುವ ಹೊತ್ತಿಗೆ, ಅದರ ವೇಗ ಕಡಿಮೆಯಾಗುತ್ತಾ ಬರುತ್ತದೆ. ಭಾರವೂ ತಳದಲ್ಲಿ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಅದೇ ಕ್ಷಣದಲ್ಲಿ ಕವಣೆ ಮಾತ್ರ ಸರ್ರನೆ ಸುತ್ತಿ ಮುಂದಕ್ಕೆ ಬರುತ್ತದೆ. ಭಾರ ತನ್ನ ಶಕ್ತಿಯನ್ನು ತೊಲೆಗೆ ಕೊಟ್ಟಿತು, ತೊಲೆ ಕವಣೆಗೆ ಕೊಟ್ಟಿತು, ಕವಣೆ ಉಂಡೆಗೆ ಕೊಟ್ಟಿತು. ಕೊಟ್ಟವರೆಲ್ಲ ನಿಂತರು, ತೆಗೆದುಕೊಂಡದ್ದು ಹಾರಿತು. ಆ ವಿಡಿಯೋವನ್ನು ನಾನು ಈಗಲೂ ನೋಡುತ್ತಿರುತ್ತೇನೆ. ಗಣಕ ಯಂತ್ರ ಇಲ್ಲ, ನ್ಯೂಟನ್ ಹುಟ್ಟಿರಲಿಲ್ಲ, ಆದರೂ ಬಡಗಿಗಳು ಹೊಡೆದು ನೋಡಿ, ಬಗ್ಗಿಸಿ ನೋಡಿ, ಇದನ್ನು ಕಂಡುಕೊಂಡಿದ್ದರು.

ಅಲ್ಲಿಯವರೆಗೆ ನಮ್ಮ ಬಟ್ಟುಗಳನ್ನು ತೊಲೆಗೆ ಬಿಗಿಯಾಗಿ ಕಟ್ಟಿದ್ದೆವು. ಹಳೇ ಯಂತ್ರಗಳಲ್ಲಿ ಭಾರದ ಪೆಟ್ಟಿಗೆ ಜೋತಾಡುವ ಹಾಗೆ ಇರುವುದೂ ಉಂಟು. ನಾವೂ ಒಂದು ಮರದ ಪೆಟ್ಟಿಗೆ ಮಾಡಿ, ಬಟ್ಟುಗಳನ್ನು ಅದರೊಳಗೆ ಇಟ್ಟು, ಬೋಲ್ಟಿನಿಂದ ಜೋತುಬಿಟ್ಟೆವು. ಭಾರ ಈಗ ವೃತ್ತದಲ್ಲಿ ಸುತ್ತುವ ಬದಲು ಹೆಚ್ಚುಕಮ್ಮಿ ನೇರ ಕೆಳಗೆ ಬೀಳುತ್ತದೆ, ಚೌಕಟ್ಟಿನ ಕುಣಿತವೂ ಕಮ್ಮಿ. ಮುಳ್ಳು ಮತ್ತೆ ಸ್ವಲ್ಪ ತಿದ್ದಬೇಕಾಯಿತು. ಕೊನೆಗೆ 31 ಮೀಟರ್ ಬಂತು.

ತಮ್ಮ ಕೂತು ಲೆಕ್ಕ ಹಾಕಿದ. ಒಂದಿಷ್ಟೂ ನಷ್ಟ ಆಗದೆ ಭಾರದ ಶಕ್ತಿಯೆಲ್ಲ ಉಂಡೆಗೆ ಸಿಕ್ಕಿ, 45 ಡಿಗ್ರಿಯಲ್ಲಿ ಹಾರಿದರೆ ಎಷ್ಟು ದೂರ? ಭಾರ ಉಂಡೆಯ ಎಷ್ಟು ಪಟ್ಟು, ಅದು ಎಷ್ಟು ಎತ್ತರದಿಂದ ಬೀಳುತ್ತದೆ, ಇವೆರಡನ್ನೂ ಗುಣಿಸಿ ಮತ್ತೆ ಎರಡರಿಂದ ಗುಣಿಸಿದರೆ ಉತ್ತರ. ನಮ್ಮದರಲ್ಲಿ 100 ಪಟ್ಟು, ಬೀಳುವುದು 35 ಸೆಂ.ಮೀ. ಹಾಗಾಗಿ 70 ಮೀಟರ್. ನಮಗೆ ಬಂದದ್ದು ಅದರ ಅರ್ಧಕ್ಕೆ ಸ್ವಲ್ಪ ಕಡಿಮೆ. ಹಿತ್ತಲಲ್ಲಿ ಕಟ್ಟಿದ ಯಂತ್ರಕ್ಕೆ ಇದು ಒಳ್ಳೆಯ ಫಲಿತಾಂಶ ಅಂತಲೇ ನಾನು ಹೇಳುತ್ತೇನೆ.

ಉಂಡೆಗಳ ಬಗ್ಗೆಯೂ ಹೇಳಬೇಕು. ಕಲ್ಲು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಕೆಮ್ಮಣ್ಣು ಕಲಸಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಒಣಗಿಸಿ, ಮತ್ತೆ ತೂಗಿ 60 ಗ್ರಾಮಿಗೆ ತಂದೆವು. ಬಿದ್ದಾಗ ಪುಡಿಯಾಗುತ್ತವೆ, ಎಲ್ಲಿ ಬಿತ್ತು ಅನ್ನುವ ಗುರುತೂ ಸಿಗುತ್ತದೆ. ತೂಕ ಎಂಟು ಹತ್ತು ಗ್ರಾಂ ಏರುಪೇರಾದರೆ ಬೀಳುವ ಜಾಗ ಮೀಟರುಗಟ್ಟಲೆ ಬದಲಾಗುತ್ತದೆ. ಗೋಡೆ ಒಡೆಯಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆಯಬೇಕು ಅಲ್ವಾ? ಅದಕ್ಕೇ ಮುತ್ತಿಗೆಯ ಸೇನೆಗಳು ಕಲ್ಲುಕುಟಿಗರನ್ನು ಜೊತೆಗಿಟ್ಟುಕೊಂಡು ಕಲ್ಲುಗಳನ್ನು ಒಂದೇ ಅಳತೆಗೆ ದುಂಡಗೆ ಕೆತ್ತಿಸುತ್ತಿದ್ದವು.

ಮಕ್ಕಳ ಜೊತೆ ಕಟ್ಟುವವರು ಒಂದು ವಿಷಯದಲ್ಲಿ ಸಡಿಲ ಬಿಡಬಾರದು. ಯಂತ್ರದ ಮುಂದೆಯೂ ಹಿಂದೆಯೂ ಯಾರೂ ನಿಲ್ಲಕೂಡದು. ಉಂಡೆ ಹಿಂದಕ್ಕೂ ಹಾರಬಹುದು. ಪಕ್ಕದಲ್ಲಿ, ದೂರ ನಿಂತು, ತೊಲೆಯನ್ನು ತಡೆದು ಹಿಡಿದಿರುವ ಕೀಲನ್ನು ಉದ್ದ ದಾರದಿಂದ ಎಳೆಯಬೇಕು. ತೊಲೆ ಕೆಳಗೆ ಎಳೆದು ಕೀಲು ಹಾಕಿದ ಮೇಲೆ ಭಾರದ ಅಡಿಗೆ ಕೈ ಹೋಗಬಾರದು. ಕುರಿ ಕಾಯುವ ಹುಡುಗರನ್ನು ನಾವು ದೂರದ ಜಾಲಿ ಮರದ ಹತ್ತಿರ ನಿಲ್ಲಿಸಿ, ಅವರು ಅಲ್ಲೇ ಇದ್ದಾರೆ ಅಂತ ನೋಡಿಕೊಂಡೇ ಕೀಲು ಎಳೆಯುತ್ತಿದ್ದೆವು. ಬಿದ್ದ ಜಾಗಕ್ಕೆ ಓಡಿ ಗುರುತು ಹಾಕುವ ಕೆಲಸ ಆಮೇಲೆ ಅವರದೇ ಆಯಿತು.

ಇನ್ನು ತಮ್ಮನ ಪ್ರಶ್ನೆ. ಇಂಗ್ಲೆಂಡಿನ ವಾರಿಕ್ ಕೋಟೆಯಲ್ಲಿ 2005ರಲ್ಲಿ ಕಟ್ಟಿದ ಟ್ರೆಬುಶೆ 18 ಮೀಟರ್ ಎತ್ತರ, 22 ಟನ್ ತೂಕ. ಅದು 300 ಮೀಟರ್‌ವರೆಗೆ ಎಸೆಯಬಲ್ಲದು ಅನ್ನುತ್ತಾರೆ. ಬಯಲಲ್ಲಿ 300 ಮೀಟರ್ ಹೋಗುವ ಕಲ್ಲನ್ನು ಅದೇ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಎಸೆದರೆ ಅದು ಏರುವುದು ಅದರ ಅರ್ಧ, 150 ಮೀಟರ್. ಮೇಲೆ ತಲುಪುವ ಹೊತ್ತಿಗೆ ಅದರಲ್ಲಿ ವೇಗವೇ ಇರುವುದಿಲ್ಲ, ಗೋಡೆಗೆ ಏನೂ ಆಗುವುದಿಲ್ಲ. ಮಧುಗಿರಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,190 ಮೀಟರ್. ಊರಿನಿಂದ ಅಳೆದರೂ 300 ಮೀಟರಿಗಿಂತ ಜಾಸ್ತಿ ಎತ್ತರ. ಕೆಳಗಿನ ಸುತ್ತಿನ ಗೋಡೆಗಳಿಗೆ ಕಲ್ಲು ತಾಗಬಹುದು, ಮೇಲಿನ ಕೋಟೆಗೆ ಸಾಧ್ಯವೇ ಇಲ್ಲ.

ನಮ್ಮ ಕಡೆಯ ಪಾಳೇಗಾರರು ಮಧುಗಿರಿ, ಪಾವಗಡ, ಚನ್ನರಾಯನದುರ್ಗದಲ್ಲಿ ಬೆಟ್ಟ ಹತ್ತಿ ಕೂತದ್ದು ಸುಮ್ಮನೆ ಅಲ್ಲ. ಅವರ ಕಾಲಕ್ಕೆ ತೋಪು ಬಂದಾಗಿತ್ತು, ಆದರೆ ಎತ್ತರದ ಲೆಕ್ಕ ತೋಪಿಗೂ ಬಿಡಲಿಲ್ಲ. 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ನಂದಿದುರ್ಗ ಹಿಡಿಯಲು ಬಂದಾಗ ಕೆಳಗಿನಿಂದ ಹೊಡೆದರೆ ಆಗುವಂತಿರಲಿಲ್ಲ. ಕಡಿದಾದ ಇಳಿಜಾರಿನಲ್ಲಿ ದಾರಿ ಕಡಿದು, ತೋಪುಗಳನ್ನೇ ಮೇಲಕ್ಕೆ ಎಳೆದು, ಗೋಡೆಗೆ ಹತ್ತಿರ ತಂದು ಹೊಡೆದರು. ಆ ಅಕ್ಟೋಬರಿನಲ್ಲಿ ಕೋಟೆ ಬಿತ್ತು. ಇದನ್ನು ಹೇಳಿದಾಗ ತಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ಬೆಟ್ಟದ ಮೇಲೆ ನಿಂತು ಕೆಳಕ್ಕೆ ಎಸೆಯೋನಿಗೆ ಲಾಭ ಕಣಕ್ಕ" ಅಂದ. ನಿಜ. ರಣಥಂಬೋರ್ ಕೂಡ ಬೆಟ್ಟದ ಕೋಟೆಯೇ.

ಈಗ ಚೌಕಟ್ಟಿಗೆ ನಾಲ್ಕು ಚಿಕ್ಕ ಗಾಲಿ ಹಾಕಿದ್ದೇವೆ. ಭಾರ ಬೀಳುವಾಗ ಇಡೀ ಯಂತ್ರ ಹಿಂದೆ ಮುಂದೆ ಉರುಳಿ, ಭಾರಕ್ಕೆ ಇನ್ನೂ ನೇರವಾಗಿ ಬೀಳಲು ಜಾಗ ಮಾಡಿಕೊಡುತ್ತದೆ. ದೂರ 34 ಮೀಟರ್ ಆಗಿದೆ. ಮುಂದೆ ಏನು ಮಾಡಬೇಕು ಅನ್ನುವುದರಲ್ಲಿ ನಮ್ಮಿಬ್ಬರದು ಬೇರೆ ಬೇರೆ ದಾರಿ. ಅವನು ಹೊಸ ತೊಲೆ ಮಾಡಿಸಿ 1ಕ್ಕೆ 5 ಮಾಡೋಣ ಅನ್ನುತ್ತಾನೆ. ತೊಲೆ ಮುಟ್ಟುವ ಮುಂಚೆ ಚೀಲವನ್ನು ಇನ್ನೂ ಹಗುರ ಮಾಡಿ, ಮುಳ್ಳನ್ನು ಉಜ್ಜಿ ನುಣ್ಣಗೆ ಮಾಡಿ ನೋಡೋಣ ಅನ್ನುವುದು ನನ್ನ ವಾದ. ದಸರಾ ರಜೆಗೆ ಅವನು ಬರುವ ಹೊತ್ತಿಗೆ ಕೆರೆಗೆ ನೀರು ಬಂದಿದ್ದರೆ ಬೇರೆ ಬಯಲು ಹುಡುಕಬೇಕು.